ಗೋಡೆಯ ಬಣ್ಣ, ಕೈಯ ನಡತೆ

ಮಂಗಳೂರಿನ ಯಾವುದೋ ತಿರುವಿನಲ್ಲಿ ರಾತ್ರಿ ಒಬ್ಬರು ಕಸದ ತೊಟ್ಟೆ ಎಸೆದು ಹೋಗುತ್ತಾರೆ. ಬೆಳಗಾಗುವಾಗ ಅದರ ಪಕ್ಕ ಇನ್ನೆರಡು. ವಾರದೊಳಗೆ ಬೊಂಡದ ಚಿಪ್ಪು, ಮೀನಿನ ಸಿಪ್ಪೆ, ಹರಿದ ದಿಂಬು ಎಲ್ಲ ಬಂದು ಬೀಳುತ್ತವೆ. ಎಸೆದವರ ಮನೆಯಂಗಳದಲ್ಲಿ ಮಾತ್ರ ಒಂದು ತರಗೆಲೆಯೂ ಕಾಣದು!

ಮನುಷ್ಯ ಜಾಗ ನೋಡಿ ನಡೆದುಕೊಳ್ಳುತ್ತಾನೆ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ನಗರದಲ್ಲಿ ಸಂಶೋಧಕರು ನಿಲ್ಲಿಸಿದ್ದ ಸೈಕಲ್‌ಗಳ ಹ್ಯಾಂಡಲಿಗೆ ಜಾಹೀರಾತಿನ ಚೀಟಿ ಸಿಕ್ಕಿಸಿದರು. ಹತ್ತಿರ ಕಸದ ಬುಟ್ಟಿ ಇರಲಿಲ್ಲ. ಗೋಡೆ ಶುಭ್ರವಾಗಿದ್ದಾಗ ಚೀಟಿಯನ್ನು ಅಲ್ಲೇ ಬಿಟ್ಟು ಹೋದವರು ಶೇಕಡಾ 33; ಅದೇ ಗೋಡೆಯ ಮೇಲೆ ಗೀಚಿದ್ದಾಗ ಶೇಕಡಾ 69. ಈ ಅಧ್ಯಯನ ಪ್ರಕಟವಾದದ್ದು 2008ರಲ್ಲಿ.

ಮಂಗಳೂರಿನ ರಾಮಕೃಷ್ಣ ಮಿಷನ್ 2015ರಲ್ಲಿ ಆರಂಭಿಸಿದ ಸ್ವಚ್ಛತಾ ಅಭಿಯಾನ ಇದನ್ನೇ ಬೀದಿಯಲ್ಲಿ ಮಾಡಿ ತೋರಿಸಿತು. ಭಾನುವಾರ ಬೆಳಿಗ್ಗೆ ವಿದ್ಯಾರ್ಥಿಗಳು, ಗೃಹಿಣಿಯರು, ನಿವೃತ್ತರು ಹಾರೆ, ಬುಟ್ಟಿ ಹಿಡಿದು ಬಂದರು. ಕಸ ಎತ್ತಿದ್ದು ಅರ್ಧ ಕೆಲಸ ಅಷ್ಟೇ. ಎಷ್ಟೋ ಕಡೆ ಗೋಡೆಗೆ ಸುಣ್ಣಬಣ್ಣವಾಯಿತು, ಚಿತ್ರ ಮೂಡಿತು, ಹೂಕುಂಡ ಬಂತು. ಹೂಕುಂಡದ ಮುಂದೆ ತೊಟ್ಟೆ ಇಡಲು ಕೈ ಹಿಂಜರಿಯುತ್ತದೆ, ಎದುರುಮನೆಯವರ ಕಣ್ಣಿಗೆ ಬೀಳುವ ಅಳುಕೂ ಸೇರಿಕೊಳ್ಳುತ್ತದೆ.

ಗದರುವ ಫಲಕಕ್ಕಿಂತ ಇದೇ ಮೇಲು. ಆದರೆ ಕುಂಡ ಒಡೆದರೆ, ಬಣ್ಣ ಮಾಸಿದರೆ ಹಳೆಯ ಕಥೆ ಮತ್ತೆ ಶುರು. ಅಂಥ ತಿರುವುಗಳ ಗೋಡೆಗೆ ಪ್ರತಿ ಮಳೆಗಾಲ ಮುಗಿದ ಮೇಲೆ ಬಣ್ಣ ಬಳಿಯುವ ಖರ್ಚನ್ನು ವಾರ್ಡಿನ ಲೆಕ್ಕದಲ್ಲೇ ಇಡಬೇಕು.