ಮಗಳ ಕೈಗೆ ಯಾವ ಇಂಗ್ಲಿಷ್ ಬೈಬಲ್?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳ ಬರಹರೂಪ)



ಪ್ರತಿ ತಿಂಗಳು ನಾವು ಇಲ್ಲಿ ಕುಳಿತು ಉಳಿತಾಯ, ಸಾಲ, ಮರುಪಾವತಿ, ಹಸುವಿನ ವಿಮೆ ಇವುಗಳ ಬಗ್ಗೆ ಮಾತಾಡ್ತೀವಿ. ಇವತ್ತಿನ ವಿಷಯ ಸ್ವಲ್ಪ ಬೇರೆ. ಮಕ್ಕಳಿಗೆ ಇಂಗ್ಲಿಷ್ ಬೈಬಲ್ ಕೊಳ್ಳುವಾಗ ಯಾವುದನ್ನು ಕೊಳ್ಳಬೇಕು ಅನ್ನೋದು. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. "ಇದು ನಮಗ್ಯಾಕೆ?" ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮಗೆ ಓದಲು ಬಾರದ ಭಾಷೆಯ ವಸ್ತುವನ್ನು ದುಡ್ಡು ಕೊಟ್ಟು ಕೊಳ್ಳುವ ಕಷ್ಟ ನಮ್ಮೆಲ್ಲರದೂ ಹೌದು. ಔಷಧಿಯ ಚೀಟಿ ಇರಲಿ, ಬ್ಯಾಂಕಿನ ಫಾರಂ ಇರಲಿ, ಇನ್ನೊಬ್ಬರನ್ನು ನಂಬಿಯೇ ನಾವು ಕೈ ಚಾಚಬೇಕು. ಅದಕ್ಕೇ ಎಲ್ಲರೂ ಕೇಳಿ ಅಂತ ಕೇಳಿಕೊಳ್ತೀನಿ.

ನನ್ನದೇ ತಪ್ಪಿನಿಂದ ಶುರು ಮಾಡ್ತೀನಿ

ನಾಲ್ಕು ವರ್ಷಗಳ ಹಿಂದಿನ ಮಾತು. ನಾನು ನೋಡಿಕೊಳ್ಳುವ ಒಂದು ಸಂಘದಲ್ಲಿ ಆ ವರ್ಷ ಎಂಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿ ಕಾಲೇಜು ಸೇರಿದ್ದರು. ಎಂಟೂ ಮನೆಯವರು ಕ್ರೈಸ್ತರೇ. ಕ್ರಿಸ್ಮಸ್‌ಗೆ ಮಕ್ಕಳಿಗೆ ಒಂದೊಂದು ಇಂಗ್ಲಿಷ್ ಬೈಬಲ್ ಕೊಡೋಣ ಎಂದು ಸಂಘ ತೀರ್ಮಾನಿಸಿತು. ಬಡ್ಡಿಯಿಂದ ಉಳಿದ ಹಣ ಅದು. "ನೀನು ಓದಿದೋಳು, ನೀನೇ ತಂದ್ಬಿಡು" ಎಂದು ನನ್ನ ಕೈಗೆ ಹಣ ಕೊಟ್ಟರು.

ನಾನು ಪೇಟೆಗೆ ಹೋದೆ. ಒಂದು ಅಂಗಡಿಯಲ್ಲಿ ಕಪ್ಪು ರಟ್ಟು, ಪುಟದ ಅಂಚಿಗೆ ಚಿನ್ನದ ಬಣ್ಣ, ಬೆಲೆಯೂ ಕಡಿಮೆ. ಬೈಬಲ್ ಎಂದರೆ ಬೈಬಲ್, ಅದರಲ್ಲಿ ಯಾವುದು ಎಂದು ಕೇಳುವುದೇನಿದೆ? ಎಂಟು ಕಟ್ಟಿಸಿಕೊಂಡು ಬಂದೆ. ಮಕ್ಕಳ ಹೆಸರು ಬರೆದು ಹಂಚಿಯೂ ಆಯಿತು.

ಪವಿತ್ರ ಕುಟುಂಬದ ಹಬ್ಬದ ಭಾನುವಾರ ಆ ಮಕ್ಕಳಲ್ಲಿ ಒಬ್ಬಳಿಗೆ ಇಂಗ್ಲಿಷ್ ಪೂಜೆಯಲ್ಲಿ ಮೊದಲ ವಾಚನ ಓದಲು ಹೇಳಿದ್ದರು. ಸಿರಾಖನ ಗ್ರಂಥದಿಂದ. ಮನೆಯಲ್ಲಿ ಓದಿ ಅಭ್ಯಾಸ ಮಾಡೋಣ ಎಂದು ಪುಸ್ತಕ ತೆಗೆದರೆ ಸಿರಾಖನ ಗ್ರಂಥವೇ ಇಲ್ಲ! ಮುಂದೆ ನೋಡಿದಳು, ಹಿಂದೆ ನೋಡಿದಳು, ಇಲ್ಲ. ಮಾರನೇ ವಾರದ ಸಭೆಗೆ ಅವಳ ತಾಯಿ ಆ ಪುಸ್ತಕವನ್ನು ತಂದು ಚಾಪೆಯ ಮೇಲೆ ಇಟ್ಟರು. "ಏನಕ್ಕಾ, ಪುಟ ಕಿತ್ತೋಗಿರೋ ಪುಸ್ತಕ ತಂದ್ಕೊಟ್ಟಿದ್ದೀರಲ್ಲ?" ಎಂದು ಕೇಳಿದರು. ಹಿಂದಿನಿಂದ ಯಾರೋ "ಕಮಿಷನ್ ಸಿಕ್ಕಿರಬೇಕು ಬಿಡಿ" ಎಂದರು.

ಅಕ್ಕಂದಿರೇ, ಆ ಒಂದು ಮಾತಿಗೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸಂಘದಲ್ಲಿ ನಮಗಿರುವ ಬಂಡವಾಳ ನಂಬಿಕೆ ಒಂದೇ. ಮರುದಿನ ಪುಸ್ತಕ ಹಿಡಿದುಕೊಂಡು ನಮ್ಮ ಧರ್ಮಕೇಂದ್ರದ ಸಿಸ್ಟರ್ ಹತ್ತಿರ ಹೋದೆ. ಅವರು ನಗುತ್ತಾ, "ಪುಟ ಹರಿದಿಲ್ಲ ಕಣಮ್ಮ, ನೀನು ತಂದಿರೋದೇ ಬೇರೆ ಬೈಬಲ್" ಎಂದರು. ಅಂದು ಅವರು ಹೇಳಿದ್ದು, ಆಮೇಲೆ ನಾನೇ ಓದಿ ತಿಳಿದದ್ದು, ಇವನ್ನೇ ಈಗ ನಿಮಗೆ ಹೇಳ್ತೀನಿ.

ಒಂದು: ಎಣಿಸಿ ನೋಡಿ

ಬೈಬಲ್ ಒಂದೇ ಪುಸ್ತಕದಂತೆ ಕಂಡರೂ ಅದು ಹಲವು ಪುಸ್ತಕಗಳ ಕಟ್ಟು. ಕಥೋಲಿಕರ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ 46, ಹೊಸ ಒಡಂಬಡಿಕೆಯ 27, ಒಟ್ಟು 73 ಪುಸ್ತಕಗಳು. ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯಲ್ಲಿ 39, ಒಟ್ಟು 66. ತೋಬಿತ, ಯೂದಿತ, ಮಕ್ಕಬಿಯರ ಎರಡು ಗ್ರಂಥಗಳು, ಜ್ಞಾನಗ್ರಂಥ, ಸಿರಾಖ, ಬಾರೂಕ ಈ ಏಳು ಅದರಲ್ಲಿ ಇರುವುದಿಲ್ಲ. ಹಾಗೆಂದು ಅದನ್ನು ಹರಿದ ಪುಸ್ತಕ ಎನ್ನಬಾರದು. ನಮ್ಮ ನಡುವೆ ಇರುವ ಪ್ರೊಟೆಸ್ಟೆಂಟ್ ಅಕ್ಕಂದಿರಿಗೆ ಅದೇ ಪೂರ್ಣ ಗ್ರಂಥ. ನಮ್ಮ ಮಗುವಿಗೆ ಪೂಜೆಯಲ್ಲಿ ಓದಲು ಮಾತ್ರ ಅದು ಸಾಲದು.

ನಾನು ತಂದದ್ದು ಕಿಂಗ್ ಜೇಮ್ಸ್ ಬೈಬಲ್. ಇಂಗ್ಲೆಂಡಿನ ರಾಜ ಜೇಮ್ಸ್ 1604ರಲ್ಲಿ ಅಪ್ಪಣೆ ಕೊಟ್ಟು, 1611ರಲ್ಲಿ ಅಚ್ಚಾದದ್ದು. ಮೊದಲ ಮುದ್ರಣದಲ್ಲಿ ಆ ಏಳು ಪುಸ್ತಕಗಳು ನಡುವೆ ಬೇರೆ ಭಾಗವಾಗಿ ಇದ್ದವು. ಕಾಲಕ್ರಮದಲ್ಲಿ ಮುದ್ರಕರು ಅವನ್ನು ಬಿಟ್ಟರು.

ಇಂಗ್ಲಿಷ್ ಬಾರದಿದ್ದರೂ ನಮಗೆ ಎಣಿಸಲು ಬರುತ್ತದೆ ತಾನೇ? ನೋಟು ಎಣಿಸಿದ ಕೈ ಇದು. ಮೊದಲ ಪುಟಗಳಲ್ಲಿ ಪರಿವಿಡಿ ಇರುತ್ತದೆ. ಹಳೆಯ ಒಡಂಬಡಿಕೆಯ ಸಾಲುಗಳನ್ನು ಬೆರಳಿಟ್ಟು ಎಣಿಸಿ. 39ಕ್ಕೇ ನಿಂತರೆ ಅಂಗಡಿಯವರನ್ನು "ಕಥೋಲಿಕ್ ಆವೃತ್ತಿ ಇದೆಯಾ?" ಎಂದು ಕೇಳಿ. ಹಾಗೆಯೇ, ಆರಂಭದ ಪುಟದಲ್ಲಿ ಧರ್ಮಾಧ್ಯಕ್ಷರ ಅನುಮತಿ ಅಚ್ಚಾಗಿದೆಯೇ ಎಂದು ಮಗುವಿಂದ ಓದಿಸಿ. ಅದಕ್ಕೆ 'ಇಂಪ್ರಿಮಾತುರ್' ಎನ್ನುತ್ತಾರೆ, 'ಅಚ್ಚು ಹಾಕಬಹುದು' ಎಂದು ಅರ್ಥ.

ಎರಡು: ಭಾಷೆ ಯಾವ ಕಾಲದ್ದು?

ಇನ್ನೊಬ್ಬ ಹುಡುಗಿಯ ತೊಂದರೆ ಬೇರೆ. ಚಿಕ್ಕ ಮಕ್ಕಳು ತಮ್ಮ ಬಳಿ ಬರಲಿ ಎಂದು ಯೇಸುಸ್ವಾಮಿ ಹೇಳುವ ಜಾಗ ಗೊತ್ತಲ್ಲ? ಅಲ್ಲಿ ಕಿಂಗ್ ಜೇಮ್ಸ್ ಬೈಬಲಿನಲ್ಲಿ 'ಸಫರ್' ಎಂಬ ಪದ ಇದೆ. ನಾನೂರು ವರ್ಷಗಳ ಹಿಂದೆ ಅದಕ್ಕೆ 'ಬಿಡಿ, ಅವಕಾಶ ಕೊಡಿ' ಎಂಬ ಅರ್ಥವೂ ಇತ್ತು. ಇವತ್ತು ಆ ಪದಕ್ಕೆ ನರಳುವುದು ಎಂದೇ ಅರ್ಥ. ಆ ಹುಡುಗಿ ಅಮ್ಮನನ್ನು ಕೇಳಿದಳಂತೆ: "ಮಕ್ಕಳು ನರಳಲಿ ಅಂತ ಸ್ವಾಮಿ ಹೇಳಿದ್ರಾ ಅಮ್ಮಾ?" ಆ ತಾಯಿ ಏನು ಉತ್ತರ ಕೊಡಬೇಕು? ಆಮೇಲೆ ಅವಳು ಆ ಪುಸ್ತಕ ತೆಗೆಯಲೇ ಇಲ್ಲ.

ಆ ಭಾಷಾಂತರ ಕೆಟ್ಟದ್ದಲ್ಲ. ಅದರ ಇಂಗ್ಲಿಷಿನ ಸೊಬಗನ್ನು ದೊಡ್ಡ ದೊಡ್ಡವರು ಹೊಗಳಿದ್ದಾರೆ. ಆದರೆ ಹಳಗನ್ನಡ ಎಷ್ಟು ಸೊಗಸಾದರೂ ಅಕ್ಷರ ಕಲಿಯುವ ಮಗುವಿಗೆ ಅದನ್ನೇ ಮೊದಲು ಕೊಡ್ತೀವಾ?

ಮೂರು: ಪದಕ್ಕೆ ಪದವೋ, ಅರ್ಥಕ್ಕೆ ಅರ್ಥವೋ?

ಬೈಬಲಿನ ಮೂಲ ಇಂಗ್ಲಿಷ್ ಅಲ್ಲ. ಹಳೆಯ ಒಡಂಬಡಿಕೆಯ ಹೆಚ್ಚಿನ ಭಾಗ ಹೀಬ್ರೂ, ಸ್ವಲ್ಪ ಅರಮಾಯಿಕ್, ಹೊಸ ಒಡಂಬಡಿಕೆ ಗ್ರೀಕ್. ಭಾಷಾಂತರ ಮಾಡುವವರ ಮುಂದೆ ಎರಡು ದಾರಿಗಳಿವೆ. 'ಹೊಟ್ಟೆಕಿಚ್ಚು' ಎಂಬ ಮಾತನ್ನೇ ತೆಗೆದುಕೊಳ್ಳಿ. ಪದಕ್ಕೆ ಪದ ಇಟ್ಟರೆ ಹೊಟ್ಟೆಯಲ್ಲಿ ಬೆಂಕಿ ಎಂದಾಗುತ್ತದೆ. ಓದಿದ ಪರದೇಶದವರು ಡಾಕ್ಟರನ್ನು ಕರೆಸಿಯಾರು! ಅರ್ಥಕ್ಕೆ ಅರ್ಥ ಇಟ್ಟರೆ ಅಸೂಯೆ ಎಂದಾಗುತ್ತದೆ. ಅರ್ಥ ಬಂತು, ಆ ಉರಿ ಹೋಯಿತು.

ಗ್ರೀಕ್ ಮೂಲದಲ್ಲಿ ಕನಿಕರಕ್ಕೆ ಕೆಲವು ಕಡೆ ಬಳಸಿರುವ ಪದ 'ಕರುಳು'. ಕಿಂಗ್ ಜೇಮ್ಸ್‌ನವರು ಅದನ್ನು ಹಾಗೆಯೇ ಕರುಳು ಎಂದಿಟ್ಟರು. ಇಂದಿನ ಇಂಗ್ಲಿಷ್ ಓದುಗರಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ, ಆದ್ದರಿಂದ ಹೊಸ ಭಾಷಾಂತರಗಳು ದಯೆ, ಹೃದಯ ಎನ್ನುತ್ತವೆ. ಆದರೆ ಮಗುವಿನ ಅಳು ಕೇಳಿ 'ಕರುಳು ಚುರ್ ಅಂತು' ಎನ್ನುವ ನಮಗೆ ಆ ಹಳೆಯ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣದ ಮಾತಿಗೆ ಬರೋಣ. ದ್ರಾಕ್ಷಿ ತೋಟದ ಕೂಲಿಯವರ ಸಾಮತಿಯಲ್ಲಿ ಯಜಮಾನ ಕೊಡುವ ನಾಣ್ಯ ಒಂದು ದೆನಾರಿಯಸ್. ಪದವನ್ನು ಹಿಡಿಯುವ ಭಾಷಾಂತರ ದೆನಾರಿಯಸ್ ಎಂದೇ ಇಡುತ್ತದೆ. ಕಿಂಗ್ ಜೇಮ್ಸ್‌ನಲ್ಲಿ 'ಪೆನ್ನಿ', ಇಂದಿನ ಮಗುವಿಗೆ ಅದು ಚಿಲ್ಲರೆ ಕಾಸು. 1989ರಲ್ಲಿ ಬಂದ ಎನ್.ಆರ್.ಎಸ್.ವಿ. ಭಾಷಾಂತರ 'ರೂಢಿಯ ದಿನಗೂಲಿ' ಎನ್ನುತ್ತದೆ. ದಿನಗೂಲಿ ಎಂದ ಕೂಡಲೇ ನಮ್ಮ ಅಕ್ಕಂದಿರಿಗೆ ಸಾಮತಿ ಪೂರ್ತಿ ಅರ್ಥವಾಗುತ್ತದೆ: ಸಂಜೆ ಬಂದವನ ಮನೆಯಲ್ಲೂ ಒಲೆ ಉರಿಯಬೇಕು.

ಇನ್ನು ಕರ್ತರ ಪ್ರಾರ್ಥನೆ. ಇಂಗ್ಲಿಷ್ ಪೂಜೆಯಲ್ಲಿ 'ಟ್ರೆಸ್‌ಪಾಸಸ್' ಎಂದರೆ ಅಪರಾಧಗಳನ್ನು ಕ್ಷಮಿಸು ಎಂದು ಬೇಡುತ್ತಾರೆ. ಮತ್ತಾಯನ ಶುಭಸಂದೇಶದ ಗ್ರೀಕ್ ಮೂಲದಲ್ಲಿ ಇರುವ ಪದ 'ಸಾಲಗಳು'. ಕಿಂಗ್ ಜೇಮ್ಸ್, ಎನ್.ಆರ್.ಎಸ್.ವಿ., ಇ.ಎಸ್.ವಿ. ಮೂರರಲ್ಲೂ ಆ ಜಾಗದಲ್ಲಿ ಸಾಲ ಎಂದೇ ಇದೆ. ತೀರಿಸಲಾಗದ ಸಾಲದ ಭಾರ, ಅದು ಇಳಿದಾಗ ಆಗುವ ಹಗುರ, ಇವು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಂತ ಸಂಘದ ಸಾಲ ಮನ್ನಾ ಆಯ್ತು ಅಂತ ಯಾರೂ ತಿಳ್ಕೋಬೇಡಿ!

ಫೇಬೆ ಅಕ್ಕನನ್ನು ಮರೆಯಬೇಡಿ

ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ 16ನೇ ಅಧ್ಯಾಯದ ಮೊದಲಲ್ಲೇ ಫೇಬೆ ಎಂಬ ಹೆಣ್ಣುಮಗಳ ಹೆಸರಿದೆ. ಅವಳನ್ನು ಚೆನ್ನಾಗಿ ಬರಮಾಡಿಕೊಳ್ಳಿ ಎಂದು ಪೌಲರು ಶಿಫಾರಸು ಮಾಡುತ್ತಾರೆ. ಅವಳಿಗೆ ಬಳಸಿದ ಗ್ರೀಕ್ ಪದ 'ದಿಯಾಕೊನೊಸ್'. ಕಿಂಗ್ ಜೇಮ್ಸ್‌ನಲ್ಲಿ ಅವಳು ಬರೀ 'ಸೇವಕಿ'. ಎನ್.ಆರ್.ಎಸ್.ವಿ.ಯಲ್ಲಿ 'ಡೀಕನ್', ಅಂದರೆ ಸಭೆಯಲ್ಲಿ ಹೊಣೆ ಹೊತ್ತವಳು. ಇ.ಎಸ್.ವಿ.ಯಲ್ಲಿ ಮತ್ತೆ 'ಸೇವಕಿ', ಆದರೆ ಪುಟದ ಕೆಳಗಿನ ಟಿಪ್ಪಣಿಯಲ್ಲಿ ಇನ್ನೊಂದು ಅರ್ಥವನ್ನೂ ಕೊಟ್ಟಿದ್ದಾರೆ. ಅವಳು ಅನೇಕರಿಗೆ ನೆರವಾದವಳು ಎನ್ನುವ ಕಡೆ 1946ರ ಆರ್.ಎಸ್.ವಿ. 'ಸಹಾಯಕಿ' ಎಂದರೆ, ಎನ್.ಆರ್.ಎಸ್.ವಿ. ದಾನ ಕೊಟ್ಟು ಬೆಂಬಲಿಸಿದವಳು ಎಂಬ ಅರ್ಥದ ಪದ ಇಡುತ್ತದೆ. ಹೆಂಗಸು ಒಬ್ಬಳೇ, ಪತ್ರ ಒಂದೇ. ಪದ ಬದಲಾದರೆ ಅವಳು ಕುಳಿತ ಜಾಗವೇ ಬದಲಾಗುತ್ತದೆ. ಸಂಘದ ಪುಸ್ತಕದಲ್ಲಿ ನಮ್ಮನ್ನು 'ಸದಸ್ಯೆ' ಎಂದು ಬರೆಯುವುದಕ್ಕೂ 'ಪ್ರತಿನಿಧಿ' ಎಂದು ಬರೆಯುವುದಕ್ಕೂ ವ್ಯತ್ಯಾಸ ಇಲ್ಲವೇ? ಅದಕ್ಕೇ ನಾನು ಹೇಳೋದು: ಮಕ್ಕಳಿಗೆ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಗಳನ್ನೂ ಓದಲು ಕಲಿಸಿ.

ಇದೆಲ್ಲ ಗಂಡಸರ ಕೆಲಸ, ನಮಗ್ಯಾಕೆ ಅನ್ನಬೇಡಿ. ಸಂತ ಜೆರೋಮ್ ಬೆತ್ಲೆಹೇಮಿನಲ್ಲಿ ಕುಳಿತು ಬೈಬಲನ್ನು ಲ್ಯಾಟಿನ್‌ಗೆ ತಂದಾಗ ಜೊತೆಗಿದ್ದವರು ಪೌಲಾ ಎಂಬ ವಿಧವೆ ಮತ್ತು ಅವರ ಮಗಳು ಯೂಸ್ತೋಕಿಯಂ. ಪೌಲಾ ತಮ್ಮ ಆಸ್ತಿಯನ್ನು ಅಲ್ಲಿನ ಮಠಗಳಿಗೆ ಸುರಿದರು, ತಾವೂ ಹೀಬ್ರೂ ಕಲಿತರು. ಜೆರೋಮ್ ತಮ್ಮ ಹಲವು ಗ್ರಂಥಗಳನ್ನು ಈ ತಾಯಿ-ಮಗಳಿಗೆ ಅರ್ಪಿಸಿದ್ದಾರೆ.

ಹಾಗಾದರೆ ಯಾವುದನ್ನು ಕೊಳ್ಳೋಣ?

ಎಲ್ಲ ಕೆಲಸಕ್ಕೂ ಒಂದೇ ಕತ್ತಿ ಆಗದು. ಓದುವವರು ಯಾರು, ಯಾತಕ್ಕೆ ಎಂದು ಮೊದಲು ಕೇಳಿಕೊಳ್ಳಿ.

ಪೂಜೆಯಲ್ಲಿ ವಾಚನ ಓದುವ ಮಕ್ಕಳಿಗೆ ಇ.ಎಸ್.ವಿ. ಕಥೋಲಿಕ್ ಆವೃತ್ತಿ ಅನುಕೂಲ. ನಮ್ಮ ಬೆಂಗಳೂರಿನ ಏಷ್ಯನ್ ಟ್ರೇಡಿಂಗ್ ಕಾರ್ಪೊರೇಷನ್ 2018ರಲ್ಲಿ ಇದನ್ನು ಪ್ರಕಟಿಸಿತು. ಅದಕ್ಕೆ ಮೊದಲು ಭಾರತದ ಇಂಗ್ಲಿಷ್ ಪೂಜೆಯಲ್ಲಿ 1966ರ ಜೆರುಸಲೇಮ್ ಬೈಬಲಿನ ವಾಚನಗಳಿದ್ದವು. 2020ರ ಏಪ್ರಿಲ್ 5ರ ಗರಿಗಳ ಭಾನುವಾರದಿಂದ, ಲಾಕ್‌ಡೌನ್ ನಡುವೆಯೇ, ಇ.ಎಸ್.ವಿ. ವಾಚನಗಳು ಬಂದವು.

ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ಗುಡ್ ನ್ಯೂಸ್ ಬೈಬಲ್. ಪೂರ್ಣ ಬೈಬಲ್ 1976ರಲ್ಲಿ ಬಂತು. ಪದಗಳು ಸರಳ, ವಾಕ್ಯಗಳು ಚಿಕ್ಕವು. ಏಳು ಪುಸ್ತಕಗಳು ಇರುವುದೂ ಸಿಗುತ್ತದೆ, ಇಲ್ಲದ್ದೂ ಸಿಗುತ್ತದೆ. ಎಣಿಸಿ ಕೊಳ್ಳಿ.

ಆಳವಾಗಿ ಓದಬೇಕೆನ್ನುವ ಮಕ್ಕಳಿಗೆ ಎನ್.ಆರ್.ಎಸ್.ವಿ. ಕಥೋಲಿಕ್ ಆವೃತ್ತಿ. 'ಸಹೋದರರೇ' ಎಂದು ಎಲ್ಲರನ್ನೂ ಕರೆಯುವ ಕಡೆ ಅದು 'ಸಹೋದರ ಸಹೋದರಿಯರೇ' ಎನ್ನುತ್ತದೆ. ಮುಂಬಯಿಯಿಂದ 2008ರಲ್ಲಿ ಬಂದ ನ್ಯೂ ಕಮ್ಯುನಿಟಿ ಬೈಬಲಿನಲ್ಲಿ ನಮ್ಮ ದೇಶದ ಜೀವನಕ್ಕೆ ಹೊಂದುವ ಟಿಪ್ಪಣಿಗಳೂ ಚಿತ್ರಗಳೂ ಇದ್ದವು. ಕೆಲವರು ಆಕ್ಷೇಪಿಸಿದ್ದರಿಂದ ಆಮೇಲೆ ಅದನ್ನು ಪರಿಷ್ಕರಿಸಿದರು. ಮಗಳು ನರ್ಸ್ ಆಗಿ ಅಮೆರಿಕಕ್ಕೆ ಹೋದರೆ ಅಲ್ಲಿನ ಪೂಜೆಯಲ್ಲಿ ನ್ಯೂ ಅಮೆರಿಕನ್ ಬೈಬಲಿನ ವಾಚನ ಕೇಳುತ್ತಾಳೆ. ಪದ ಬೇರೆ ಕೇಳಿಸಿದರೆ ಗಾಬರಿಯಾಗುವುದು ಬೇಡ.

ಮನೆಗೆ ಹೋಗುವ ಮುನ್ನ

1. ಪರಿವಿಡಿ ಎಣಿಸಿ.
2. ಅನುಮತಿಯ ಪುಟ ನೋಡಿ.
3. ಮಗುವನ್ನು ಅಂಗಡಿಗೆ ಕರೆದೊಯ್ದು, ಅದಕ್ಕೆ ಗೊತ್ತಿರುವ ಒಂದೇ ಸಾಮತಿಯನ್ನು ಎರಡು ಬೈಬಲುಗಳಲ್ಲಿ ಜೋರಾಗಿ ಓದಿಸಿ. ಓದಿ, ಕನ್ನಡದಲ್ಲಿ ಹೇಳಲು ಬಂದರೆ ಅದೇ ಅದಕ್ಕೆ ತಕ್ಕ ಪುಸ್ತಕ.
4. ಹೆಸರು ಬರೆಯುವುದು ಕೊನೆಗೆ.

ನಾಲ್ಕನೆಯದು ಯಾಕೆ ಅಂದರೆ, ಹೆಸರು ಬರೆದ ಪುಸ್ತಕಗಳನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಸಭೆಯಲ್ಲಿ ಎದ್ದು ನಿಂತು "ತಪ್ಪು ನನ್ನದು, ಕೇಳದೆ ತಂದೆ" ಎಂದು ಬಿಲ್ಲು ತೋರಿಸಿದೆ. ಅರ್ಧ ಹಣ ನಾನು ಹಾಕಿದೆ, ಅರ್ಧ ಸಂಘ ಹಾಕಿತು. ಈ ಸಲ ಇಬ್ಬರು ತಾಯಂದಿರು, ಇಬ್ಬರು ಮಕ್ಕಳು ನನ್ನ ಜೊತೆ ಬಂದರು. ಕಮಿಷನ್ ಎಂದಿದ್ದ ಅಕ್ಕನೇ ಅಂಗಡಿಯಲ್ಲಿ ನಿಂತು ಬೆರಳಿಟ್ಟು 46 ಎಣಿಸಿದರು! ಹಳೆಯ ಪುಸ್ತಕಗಳಲ್ಲಿ ಒಂದನ್ನು ನಮ್ಮ ಪ್ರೊಟೆಸ್ಟೆಂಟ್ ಸದಸ್ಯೆಯೊಬ್ಬರು ಕೇಳಿ ತೆಗೆದುಕೊಂಡರು. ಅವರ ಅಜ್ಜ ಓದುತ್ತಿದ್ದದ್ದೇ ಅದಂತೆ. ಸಿರಾಖ ಸಿಗದೆ ಅತ್ತಿದ್ದ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ, ಭಾನುವಾರ ಚಿಕ್ಕ ಮಕ್ಕಳಿಗೆ ವಾಚನ ಹೇಳಿಕೊಡುತ್ತಾಳೆ.

ಆ ದಿನ ನಮ್ಮ ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ಬರೆದೆವು: ಇನ್ನು ಮುಂದೆ ಸಂಘದ ಹಣದಲ್ಲಿ ಏನನ್ನೇ ಕೊಂಡರೂ, ಬಳಸುವವರಿಗೆ ತೋರಿಸಿಯೇ ಕೊಳ್ಳತಕ್ಕದ್ದು. ನಿಮ್ಮ ಸಂಘಗಳಲ್ಲೂ ಇದನ್ನು ಚರ್ಚಿಸಿ ಎಂದು ಕೇಳಿಕೊಳ್ಳುತ್ತಾ ನನ್ನ ಮಾತು ಮುಗಿಸುತ್ತೇನೆ.