ಮೀನು ಎಣಿಸುವ ಕೆಲಸ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಕಡಲಿಗೆ ಧುಮುಕುವವರು ಮೀನು ನೋಡಿ, ಫೋಟೊ ತೆಗೆದು ಮರಳುತ್ತಾರೆ. ಆ ನೋಟವನ್ನು ಬರೆದಿಟ್ಟರೆ ಅದಕ್ಕೆ ಎಂಥ ಬೆಲೆ ಬರುತ್ತದೆ ಎಂಬುದನ್ನು ಅಮೆರಿಕದ ರೀಫ್ ಸಂಸ್ಥೆ ತೋರಿಸಿದೆ. 1993ರಿಂದ ಅದರ ಸ್ವಯಂಸೇವಕರು ನೀರಿಗಿಳಿದು ಕಂಡ ಮೀನುಗಳನ್ನು ಗುರುತಿಸಿ ದಾಖಲಿಸುತ್ತಿದ್ದಾರೆ. ಹವ್ಯಾಸಿಗಳ ಲೆಕ್ಕ ತಪ್ಪುವುದಿಲ್ಲವೇ? ತಪ್ಪುತ್ತದೆ. ಅದಕ್ಕೆಂದೇ ಅಲ್ಲಿ ನಿಖರ ಸಂಖ್ಯೆ ಕೇಳುವುದಿಲ್ಲ: ಒಂದೇ, 2ರಿಂದ 10, 11ರಿಂದ 100, ಅದಕ್ಕೂ ಹೆಚ್ಚು, ಇಷ್ಟೇ. ಒಬ್ಬರ ತಪ್ಪು ಸಾವಿರಾರು ದಾಖಲೆಗಳ ನಡುವೆ ಕರಗಿ, ವರ್ಷಗಳ ಏರಿಳಿತ ಮಾತ್ರ ಎದ್ದು ಕಾಣುತ್ತದೆ.

ಕಡಲಿಲ್ಲದ ನಮ್ಮ ಯಡ್ರಾಮಿ ಸೀಮೆಗೆ ಇದರಿಂದ ಏನು ಎಂದು ಕೇಳಬಹುದು. ಹತ್ತಿರದ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಭೀಮಾ ನದಿ ಹರಿಯುತ್ತದಲ್ಲ! ಕೆಂಪು ನೀರಿನಲ್ಲಿ ಮುಳುಗಿ ನೋಡಲಾಗದು, ನಿಜ. ಆದರೆ ಬಲೆಗೆ ಬಿದ್ದದ್ದನ್ನು ನೋಡಬಹುದು. 1839ರಷ್ಟು ಹಿಂದೆಯೇ ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖನ್ನಿನ ಮೀನುಗಳನ್ನು ವರ್ಣಿಸಿ ಬರೆದ. ಆಮೇಲೆ ನದಿಗೆ ಅಣೆಕಟ್ಟು, ಬ್ಯಾರೇಜು ಬಂದವು, ಆಫ್ರಿಕಾ ಮೂಲದ ತಿಲಾಪಿಯಾ ನಮ್ಮ ನೀರಿಗೆ ಬಂತು. ಯಾವ ನಾಡಮೀನು ಉಳಿದಿದೆ, ಯಾವುದು ಅಪರೂಪವಾಗಿದೆ ಎಂಬುದನ್ನು ದಿನಾಲೂ ಬಲೆ ಬೀಸುವವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರ ತಿಳಿವಳಿಕೆ ಕಾಗದಕ್ಕೆ ಇಳಿಯಬೇಕು. ನದಿದಂಡೆಯ ಶಾಲೆ, ಕಾಲೇಜುಗಳ ಮೇಷ್ಟ್ರುಗಳೇ, ತಿಂಗಳಿಗೊಮ್ಮೆ ಮಕ್ಕಳನ್ನು ಮೀನುಗಾರರ ಬಳಿ ಕರೆದೊಯ್ದು ಹೆಸರು, ಅಳತೆ, ದಿನಾಂಕ ಬರೆಸಿರಿ.