'ಡ್ರಬ್' ಎಂಬ ಪದದ ಮೂಲ



ಕ್ರಿಕೆಟ್ ತಂಡ ಹೀನಾಯವಾಗಿ ಸೋತರೆ ಇಂಗ್ಲಿಷ್ ಪತ್ರಿಕೆಗಳು 'ಡ್ರಬ್ಬಿಂಗ್' ಎಂದು ಬರೆಯುತ್ತವೆ. ಡ್ರಬ್ ಎಂದರೆ ದೊಣ್ಣೆಯಿಂದ ಹೊಡೆಯುವುದು. 17ನೇ ಶತಮಾನದಲ್ಲಿ ಪೂರ್ವದೇಶಗಳನ್ನು ಸುತ್ತಿದ ಇಂಗ್ಲಿಷ್ ಪ್ರವಾಸಿಗರು ಅಂಗಾಲಿಗೆ ಹೊಡೆಯುವ ಶಿಕ್ಷೆಗೆ ಈ ಪದ ಬಳಸಿದರು. ಅರಬಿಯ 'ದರಬ'ದಿಂದ ಬಂದಿರಬೇಕೆಂದು ನಿಘಂಟುಕಾರರ ಅಭಿಪ್ರಾಯ.

ಹಾಗಿದ್ದರೆ ಅವರು ಒಯ್ದದ್ದು ಏಟನ್ನು ಮಾತ್ರ! ಅರಬಿಯಲ್ಲಿ ನಾಣ್ಯ ಟಂಕಿಸುವುದಕ್ಕೂ, ಪ್ರಯಾಣ ಹೊರಡುವುದಕ್ಕೂ ಇದೇ ಪದ. ಪವಿತ್ರ ಕುರ್‌ಆನಿನಲ್ಲಿ ಉಪಮೆ ಕೊಡುವಲ್ಲಿ ಬರುವುದೂ ಇದೇ. ಟಿಪ್ಪು ಸುಲ್ತಾನರ ತಾಮ್ರದ ನಾಣ್ಯಗಳಲ್ಲಿ 'ಜರ್ಬ್ ಪಟನ್' ಎಂದಿದೆ. ಶ್ರೀರಂಗಪಟ್ಟಣದಲ್ಲಿ ಟಂಕಿಸಿದ್ದು ಎಂದರ್ಥ. ಉರ್ದು ಶಾಲೆಯ ಮಕ್ಕಳಿಗೆ ಜರ್ಬ್ ಎಂದರೆ ಗುಣಾಕಾರ. ಗುಣಾಕಾರ ತಪ್ಪಿದವನ ಅಂಗೈಗೆ ಬೀಳುತ್ತಿದ್ದುದೂ ಅದೇ ಎನ್ನಿ!

ಅಧ್ಯಾಪಕ ಬಂಧುಗಳು ಕ್ಷಮಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಇದೆಲ್ಲ ಪಾಶ್ಚಾತ್ಯರ ಹೊಸ ವಿಚಾರವೆಂದು ಗೊಣಗುವವರು ನಮ್ಮಲ್ಲಿದ್ದಾರೆ. ಆದರೆ 14ನೇ ಶತಮಾನದಲ್ಲೇ, ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ ತಮ್ಮ 'ಮುಖದ್ದಿಮ'ದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿಟ್ಟಿದ್ದಾರೆ. ದಂಡನೆಯಲ್ಲೇ ಬೆಳೆದ ಮಗು ಉತ್ಸಾಹ ಕಳೆದುಕೊಂಡು ಸೋಮಾರಿಯಾಗುತ್ತದೆ, ಏಟಿಗೆ ಹೆದರಿ ಸುಳ್ಳನ್ನೂ ಕಪಟವನ್ನೂ ಕಲಿಯುತ್ತದೆ, ಕೊನೆಗೆ ಅದೇ ಅದರ ಸ್ವಭಾವವಾಗಿಬಿಡುತ್ತದೆ ಎನ್ನುತ್ತಾರೆ ಅವರು.